ಎರಡನೇ ಸಲ ಓದಿದ ಸಾಲು

ಗುಳುಗುಳು, ಗುಳುಗುಳು — ಸಣ್ಣ ಉರಿಯ ಮೇಲಿಟ್ಟ ಅನ್ನದ ಹಾಗೆ. ಸಾಲಾಗಿ ಚಾರ್ಜಿಗೆ ಇಟ್ಟ ಹಳೆಯ ಆ್ಯಸಿಡ್ ಬ್ಯಾಟರಿಗಳ ಸದ್ದು ಅದು. ಹರಿಹರದ ಆ ಅಂಗಡಿಯಲ್ಲಿ ದಿನವಿಡೀ ಇರುತ್ತಿತ್ತು. ಆ ಸದ್ದಿನ ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ನನ್ನನ್ನು ಪೂರ್ತಿಯಾಗಿ ನಂಬಿದ್ದ ಒಬ್ಬ ಹೆಂಗಸಿಗೆ ನಾನೊಂದು ಸುಳ್ಳನ್ನು ಓದಿದೆ. ಹೇಳಿದೆ ಅಲ್ಲ — ಓದಿದೆ. ಕನ್ನಡಕ ಏರಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು. ಕಾಗದದಲ್ಲಿ ನಿಜ ಇತ್ತು. ನನ್ನ ಬಾಯಿಂದ ಬಂದದ್ದು ಬೇರೆ.

ಆ ಹೆಂಗಸು ಕೊಟ್ರಮ್ಮ. ಗಂಡ ತೀರಿಕೊಂಡ ಮೇಲೆ ಅವನ ಬ್ಯಾಟರಿ ಅಂಗಡಿಯನ್ನು ತಾನೇ ನಡೆಸಿದವಳು. ಲಾರಿ, ಟ್ರ್ಯಾಕ್ಟರ್, ಮನೆಯ ಇನ್ವರ್ಟರ್ — ಯಾವುದರ ಬ್ಯಾಟರಿ ಕೆಟ್ಟರೂ ಅವಳ ಬಾಗಿಲಿಗೆ ಬರುತ್ತಿತ್ತು. ಅವಳ ಸೀರೆಗಳಲ್ಲಿ ಆ್ಯಸಿಡ್ ಹನಿಸಿದ ಸಣ್ಣ ಸಣ್ಣ ತೂತುಗಳಿರುತ್ತಿದ್ದವು, ಹೊಸ ಸೀರೆಯಲ್ಲೂ. ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿ ಸತ್ತಿದೆ, ಬಿಸಾಕಿ ಎಂದು ದಾವಣಗೆರೆಯ ಅಂಗಡಿಯವನು ತೀರ್ಪು ಕೊಟ್ಟಾಗ ಯಾರೋ ಇವಳ ಹೆಸರು ಹೇಳಿದರು. ಆಟೋದಲ್ಲಿ ಹಾಕಿಕೊಂಡು ಹೋದೆ. ಅವಳು ಮುಚ್ಚಳ ತೆಗೆದು, ಬಗ್ಗಿ ಕಿವಿಯಿಟ್ಟು ಕೇಳಿದಳು. ಡಾಕ್ಟರರು ಎದೆ ಕೇಳುವ ಹಾಗೆ! ನನಗೆ ನಗು ಬಂತು.

"ನಗಬ್ಯಾಡ್ರಿ. ಇದಕ್ಕೆ ಆರು ಮನೆ ಐತೆ. ಐದು ಮನೆಯೋರು ಆರಾಮದಾರೆ, ಒಬ್ಬ ಮಲಗ್ಯಾನೆ. ಒಬ್ಬ ಮಲಗಿದ್ದಕ್ಕೆ ಓಣೀನೇ ಸುಡ್ತಾರೇನ್ರಿ?"

ಮನೆ ಎಂದರೆ ಬ್ಯಾಟರಿಯೊಳಗಿನ ಸೆಲ್. ಆ ಬ್ಯಾಟರಿ ಮತ್ತೆ ನಾಲ್ಕು ವರ್ಷ ಬದುಕಿತು. ನಾನು ಅವಳ ಅಂಗಡಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಗುರುವಾರ ಗುರುವಾರ, ಮಧ್ಯಾಹ್ನದ ಊಟ ಮುಗಿಸಿ, ದಾವಣಗೆರೆಯಿಂದ ಹರಿಹರದ ಬಸ್ಸು. ಯಾಕೆ ಹೋಗುತ್ತಿದ್ದೆ? ಆಗ ಕೇಳಿದ್ದರೆ ಕ್ಯೂರಿಯಾಸಿಟಿ ಎನ್ನುತ್ತಿದ್ದೆ. ಆ ಇಳಿವಯಸ್ಸಿನಲ್ಲಿ ಒಂದು ಹೊಸ ವಿಷಯ ತಿಳಿಯುವ ಖುಷಿ — ಸೀಸದ ತಗಡು ಹೇಗೆ ಕರೆಂಟು ಹಿಡಿದಿಡುತ್ತದೆ, ಡಿಸ್ಟಿಲ್ಡ್ ವಾಟರ್ ಯಾಕೆ ಬೇಕು, ನಲ್ಲಿ ನೀರು ಯಾಕೆ ಆಗದು. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಆಮೇಲೆ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇಂಗ್ಲಿಷ್ ಕಲಿಸಿದೆ. ರಿಟೈರ್ ಆದ ಮೇಲೆ ಒಂದು ವಿಚಿತ್ರ ಆಗುತ್ತದೆ — ನಮ್ಮ ವಿದ್ಯೆ ಇರುತ್ತದೆ, ಅದನ್ನು ಕೇಳುವವರು ಇರುವುದಿಲ್ಲ. ಕೊಟ್ರಮ್ಮ ಕೇಳಿದಳು. ಕನ್ನಡವನ್ನು ಅವಳು ನನಗಿಂತ ಬೇಗ ಓದುತ್ತಿದ್ದಳು. ವಾರಪತ್ರಿಕೆಯಲ್ಲಿ ಜಾಹೀರಾತನ್ನೂ ಬಿಡುತ್ತಿರಲಿಲ್ಲ. ಇಂಗ್ಲಿಷ್ ಮಾತ್ರ ಬಾರದು. ಅವಳ ಹತ್ತಿರ ಒಂದು ಕಂಪನಿಯ ಶೇರುಗಳಿದ್ದವು. ಅದರ ಕಾಗದಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತಿದ್ದವು.

ಬ್ಯಾಟರಿ ಕಂಪನಿಯೇ. ಹೆಸರು ಬೇಡ. ಆ್ಯಸಿಡ್ ಇಲ್ಲದ, ನೀರು ಹಾಕಬೇಕಿಲ್ಲದ, ಸೀಲ್ ಮಾಡಿದ ಹೊಸ ತರಹದ ಬ್ಯಾಟರಿ ಮಾಡುತ್ತೇವೆ ಎಂದು ಹೊರಟವರು. ಗಂಡನ ವಿಮೆಯ ಹಣವನ್ನು ಕೊಟ್ರಮ್ಮ ಅದರಲ್ಲಿ ಹಾಕಿದ್ದಳು. ತಂಗಿಯ ಅಳಿಯ ಮೊಬೈಲಿನಲ್ಲಿ ಖಾತೆ ಮಾಡಿಕೊಟ್ಟಿದ್ದ. ನಾನು ಆಶ್ಚರ್ಯಪಟ್ಟೆ. ನಿನ್ನ ಅಂಗಡಿ ಮುಚ್ಚಿಸುವ ಬ್ಯಾಟರಿಗೆ ನೀನೇ ದುಡ್ಡು ಹಾಕುವುದೇ?

"ಅದಕ್ಕೇ ಹಾಕೀನಿ ಮಿಸ್. ಅವರು ಬರೋದು ಬಂದೇ ಬರ್ತಾರೆ. ನಾನು ಬಾಗಿಲಿಗೆ ಅಡ್ಡ ನಿಂತ್ರೆ ನಿಲ್ತಾರ? ಅವರ ಮನ್ಯಾಗೇ ಒಂದು ಮೂಲೆ ಹಿಡ್ಕಂಡೀನಿ."

ಮೊಬೈಲಿನಲ್ಲಿ ಶೇರಿನ ಬೆಲೆ ಕೆಂಪಾದರೆ ಬೇರೆಯವರು ಗಾಬರಿಯಾಗುತ್ತಾರೆ. ಇವಳಿಗೆ ಗಾಬರಿಯೇ ಇಲ್ಲ. ಆ್ಯಸಿಡ್ ಅಳೆಯುವ ಅವಳ ಗಾಜಿನ ಕೊಳವೆಯಲ್ಲೂ ಕೆಂಪು, ಹಸಿರು ಗೆರೆಗಳಿದ್ದವು. "ಕೆಂಪು ಬಂತು ಅಂದ್ರೆ ಸತ್ತೈತೆ ಅಂತಲ್ರಿ. ಹಸಿದೈತೆ ಅಂತ. ಚಾರ್ಜಿಗೆ ಇಡಬೇಕು" ಎನ್ನುತ್ತಿದ್ದಳು. ಹಾಗೆಂದು ಒಂದೆರಡು ಸಲ ಇನ್ನಷ್ಟು ಕೊಂಡಳು ಕೂಡ.

ಆ ಶೇರಿನ ಮೇಲೆ ನಿಂತದ್ದು ಏನು ಎಂದು ಈಗಲೇ ಹೇಳಿಬಿಡುತ್ತೇನೆ. ಅಂಗಡಿ. ಅದು ಬಾಡಿಗೆಯದು. ಮಳಿಗೆಯ ಯಜಮಾನರು ಮಾರಲು ತೀರ್ಮಾನಿಸಿದ್ದರು. ಹಳೆಯ ಬಾಡಿಗೆದಾರಳು ಎಂದು ಮೊದಲ ಅವಕಾಶ ಇವಳಿಗೇ ಕೊಟ್ಟಿದ್ದರು. "ದೀಪಾವಳಿ ತನಕ ಕಾಯ್ತೀನಿ ಕೊಟ್ರಮ್ಮ, ಆಮ್ಯಾಲೆ ನನ್ನ ಕೇಳಬ್ಯಾಡ." ಸರಿಯಾದ ಹೊತ್ತಿಗೆ ಶೇರು ಮಾರಿದರೆ ಅಂಗಡಿ ಅವಳದಾಗುತ್ತಿತ್ತು. ಸರಿಯಾದ ಹೊತ್ತು ಯಾವುದು — ಅದಕ್ಕೇ ನನ್ನ ಓದು.

ಗುರುವಾರದ ಆ ಓದು ನನಗೆ ಎಷ್ಟು ಇಷ್ಟವಾಗಿತ್ತು! ಅವಳ ಪ್ರಶ್ನೆಗಳು ನನ್ನ ಯಾವ ವಿದ್ಯಾರ್ಥಿಯೂ ಕೇಳದಂಥವು. ಕಾರ್ಖಾನೆಯಲ್ಲಿ ವರ್ಷಕ್ಕೆ ಇಷ್ಟು ಸೆಲ್ ಮಾಡುವ ಕೆಪ್ಯಾಸಿಟಿ ಇದೆ ಎಂದು ಓದಿದರೆ, "ಮಾಡಾಕ ಬರ್ತೈತೆ ಅಂತ ಬರ್ದಾರೆ. ಮಾಡಿದ್ದೆಷ್ಟು?" ಎನ್ನುವಳು. ಅದು ಬರೆದಿಲ್ಲ ಕೊಟ್ರಮ್ಮ. "ಬರೀದೇ ಇರೋದನ್ನೂ ನೋಡ್ಕೊಂತ ಹೋಗ್ರಿ ಮಿಸ್." ಶೇರು ಪೇಟೆಯ ಪಂಡಿತರು ಟಿವಿಯಲ್ಲಿ ಒಂದು ಗಂಟೆ ವಾದ ಮಾಡಿ ಮುಟ್ಟುವ ಅನುಮಾನಕ್ಕೆ ಇವಳು ಕೈ ಒರೆಸಿಕೊಳ್ಳುತ್ತ ಮುಟ್ಟುತ್ತಿದ್ದಳು.

ಆ ವರ್ಷದ ಆ್ಯನುಯಲ್ ರಿಪೋರ್ಟ್ ಬಂತು. ಮುಖ್ಯ ಅನ್ನಿಸಿದ ಪುಟಗಳನ್ನು ದಾವಣಗೆರೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿಕೊಂಡು ಹೋದೆ. ಅದರಲ್ಲಿ ಲೆಕ್ಕ ಪರಿಶೋಧಕರ, ಅಂದರೆ ಆಡಿಟರರ ವರದಿ. ಅಲ್ಲಿ ದಪ್ಪ ಅಕ್ಷರದ ಒಂದು ತಲೆಬರಹ. ಅದನ್ನು ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ: ಮೆಟೀರಿಯಲ್ ಅನ್‌ಸರ್ಟನ್ಟಿ ರಿಲೇಟೆಡ್ ಟು ಗೋಯಿಂಗ್ ಕನ್ಸರ್ನ್.

ಮೆಟೀರಿಯಲ್ — ಸಾಮಗ್ರಿ. ಅನ್‌ಸರ್ಟನ್ಟಿ — ಅನಿಶ್ಚಿತತೆ. ಕನ್ಸರ್ನ್ — ಚಿಂತೆ. ಗೋಯಿಂಗ್ — ನಡೆಯುತ್ತಿರುವ. ಬ್ಯಾಟರಿ ಕಂಪನಿ ಅಲ್ಲವೇ, ಅದಕ್ಕೆ ಬೇಕಾದ ಖನಿಜವೋ ಏನೋ ಸಿಗುತ್ತಿಲ್ಲ — ಎಷ್ಟು ಸಹಜವಾಗಿ ಹೊಂದಿಕೊಂಡಿತು! ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳಿಕೊಡುತ್ತಿದ್ದರು: ಕಾಂಪ್ರಹೆನ್ಶನ್ ಪ್ಯಾಸೇಜಿನಲ್ಲಿ ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡಿ ಗರ್ಲ್ಸ್, ಕಾಂಟೆಕ್ಸ್ಟ್ ನೋಡಿ ಊಹಿಸಿ. ನಾನೂ ಮೂವತ್ತು ವರ್ಷ ಅದನ್ನೇ ಹೇಳಿಕೊಟ್ಟೆ. ಇಲ್ಲಿ ಗೊತ್ತಿಲ್ಲದ ಪದವೇ ಇರಲಿಲ್ಲ, ಅದೇ ಕಷ್ಟವಾದದ್ದು. ಎಲ್ಲ ಪದವೂ ಗೊತ್ತಿತ್ತು.

"ಕಚ್ಚಾ ಸಾಮಾನು ಸಿಗೋದು ಗ್ಯಾರಂಟಿ ಇಲ್ಲ, ಸದ್ಯಕ್ಕೆ ಅದೇ ಚಿಂತೆ ಅಂತ ಆಡಿಟರ್ ಬರೆದಿದ್ದಾರೆ" ಎಂದೆ.

ತಲೆಬರಹದ ಕೆಳಗೆ ಒಂದೇ ಒಂದು ವಾಕ್ಯ, ಏಳು ಸಾಲಿನದು. ಅರ್ಧದವರೆಗೆ ಹೋಗಿ ಪುಟ ತಿರುಗಿಸಿದೆ. ಆ ವಾಕ್ಯದ ಕೊನೆಯಲ್ಲಿ ಸಿಗ್ನಿಫಿಕೆಂಟ್ ಡೌಟ್ ಎಂಬ ಎರಡು ಪದ ಕಾದು ನಿಂತಿದ್ದವು. ಅಲ್ಲಿಯವರೆಗೆ ನಾನು ಹೋಗಲಿಲ್ಲ.

ಕೊಟ್ರಮ್ಮ ನಿರಾಳವಾದಳು. "ಅಷ್ಟೇನಾ? ಸಾಮಾನು ಇವತ್ತಿಲ್ಲ ಅಂದ್ರೆ ನಾಳೆ ಬರ್ತೈತೆ. ಒಂದು ವರ್ಷ ನಮಗೂ ಸೀಸ ಸಿಕ್ಕಿರಲಿಲ್ಲ, ಕಾಯ್ಕೊಂಡು ಕುಂತಿದ್ವಿ."

ಇಲ್ಲಿಯವರೆಗಿನದು ತಪ್ಪು. ತಪ್ಪನ್ನು ಒಪ್ಪಿಕೊಳ್ಳಲು ಇಷ್ಟು ವರ್ಷ, ಇಷ್ಟು ಪುಟ ಬೇಕಾಗುತ್ತಿರಲಿಲ್ಲ.

ಎರಡು ವಾರದ ನಂತರ ನನ್ನ ಹಳೆಯ ವಿದ್ಯಾರ್ಥಿನಿ ಲತಾ ಬಸ್ ಸ್ಟಾಪಿನಲ್ಲಿ ಸಿಕ್ಕಳು. ದಾವಣಗೆರೆಯಲ್ಲೇ ಆಡಿಟರ್ ಆಫೀಸಿನಲ್ಲಿ ಕೆಲಸ. ನಾನು ದೊಡ್ಡ ಜಂಬದಿಂದ, ಈಗ ಕಂಪನಿ ರಿಪೋರ್ಟುಗಳನ್ನು ಓದುತ್ತೇನೆ ಕಣೇ ಎಂದು ಆ ಸಾಲನ್ನೂ ಅದರ ಅರ್ಥವನ್ನೂ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗುತ್ತಿದ್ದಳು, ಪ್ರೀತಿಯಿಂದಲೇ.

"ಅಯ್ಯೋ ಮಿಸ್! ಮೆಟೀರಿಯಲ್ ಅಂದ್ರೆ ಇಲ್ಲಿ ಸಾಮಾನಲ್ಲ, ಗಂಭೀರವಾದದ್ದು ಅಂತ. ಕನ್ಸರ್ನ್ ಅಂದ್ರೆ ಚಿಂತೆ ಅಲ್ಲ, ವ್ಯವಹಾರ, ಕಂಪನಿ. ಈ ಕಂಪನಿ ಮುಂದೆ ನಡೀತೈತೋ ಇಲ್ಲೋ ಅನ್ನೋದೇ ಅನುಮಾನ ಅಂತ ಬರ್ದಾರೆ. ಇದಕ್ಕಿಂತ ಕೆಟ್ಟ ಸಾಲು ಆಡಿಟರ್ ಬರೆಯೋದು ಅಪರೂಪ. ಯಾರದು ಮಿಸ್ ಶೇರು? ನಿಮ್ದಾ?"

"ಅಲ್ಲ" ಎಂದೆ. ನನ್ನದಲ್ಲ ಎಂಬ ಸಮಾಧಾನ ಒಂದು ಕ್ಷಣ ಬಂತು. ಅದನ್ನೂ ಇಲ್ಲಿ ಬರೆದಿಡಬೇಕು.

ಮುಂದಿನ ಗುರುವಾರ ಹೇಳಲೆಂದೇ ಹೊರಟೆ. ಹರಿಹರ ಬರುವವರೆಗೂ ಬಸ್ಸಿನಲ್ಲಿ ವಾಕ್ಯ ಜೋಡಿಸಿದೆ. ಕೊಟ್ರಮ್ಮ, ನಾನು ಓದಿದ್ದು ತಪ್ಪಾಗಿತ್ತು. ನಾಲ್ಕೇ ಪದ. ಐದನೇ ಕ್ಲಾಸಿನ ಹುಡುಗಿ ಹೇಳಬಹುದಾದ ವಾಕ್ಯ.

ಅಂಗಡಿಯಲ್ಲಿ ಎಲೆಕ್ಟ್ರಿಕ್ ಆಟೋ ಓಡಿಸುವ ಖಲೀಲ್ ಇದ್ದ. ಅವನ ಆಟೋದಲ್ಲಿದ್ದದ್ದು ಆ ಕಂಪನಿಯದೇ ಬ್ಯಾಟರಿ. ಬಿಚ್ಚಿ ಬೆಂಚಿನ ಮೇಲಿಟ್ಟಿದ್ದರು. ಪೆಟ್ಟಿಗೆಯ ಒಂದು ಪಕ್ಕ ಉಬ್ಬಿತ್ತು. ಸುತ್ತಲೂ ಆ್ಯಸಿಡ್ ಬ್ಯಾಟರಿಗಳು ಗುಳುಗುಟ್ಟುತ್ತಿದ್ದರೆ ಅದೊಂದು ಮಾತ್ರ ಮೂಕವಾಗಿ ಕುಳಿತಿತ್ತು. ಕೊಟ್ರಮ್ಮ ಅದರ ಮೇಲೆ ಅಂಗೈ ಇಟ್ಟಿದ್ದಳು.

"ಜ್ವರ ಬಂದಂಗೈತೆ ನೋಡ್ರಿ ಮಿಸ್. ಓಡಿಸ್ದೇನೇ ಬಿಸಿ. ಇದು ಮೂರನೇದು ನಾನು ನೋಡಿದ್ದು."

"ರಿಪ್ಲೇಸ್‌ಮೆಂಟ್ ಕೊಡ್ತೀವಿ ಕೊಡ್ತೀವಿ ಅಂತಾರೆ ಮೇಡಂ" ಎಂದ ಖಲೀಲ್. "ಡೀಲರ್ ನನ್ನ ನೋಡಿದ ಕೂಡ್ಲೇ ಫೋನ್ ಕಿವಿಗೆ ಇಟ್ಕಂತಾನೆ. ಆ ಫೋನ್‌ಗೂ ಚಾರ್ಜ್ ಇಲ್ಲ, ನಂಗೊತ್ತು."

ಕೊಟ್ರಮ್ಮ ನಗಲಿಲ್ಲ. "ನಾಳೆ ಮಾರಿಬಿಡಾಣ ಅನ್ನಿಸ್ತೈತೆ ಮಿಸ್, ಎಲ್ಲಾ. ನನ್ನ ಕೈ ಬ್ಯಾಡ ಬ್ಯಾಡ ಅಂತೈತೆ. ಆದ್ರೂ ಆ ಆಡಿಟರು ಬರ್ದಿದ್ದು ಇನ್ನೊಂದ್ಸಲ ಓದ್ರಿ. ಓದಿದ ಮನುಷ್ಯ, ಸಹಿ ಹಾಕ್ಯಾನೆ. ಅವ ಏನಂತಾನೆ ಕೇಳಾಣ." ಆಮೇಲೆ ಖಲೀಲನ ಕಡೆ ತಿರುಗಿ, ಎಂಥ ಹೆಮ್ಮೆಯಿಂದ — "ನಮ್ಮ ಮಿಸ್ ಓದಿದ್ರೆ ಒಂದಕ್ಷರ ಆಚೀಚೆ ಆಗಲ್ಲ. ಕಾನ್ವೆಂಟು."

ಕಾಗದ ನನ್ನ ಕೈಗೆ ಬಂತು. ಬೆರಳು ಸಾಲಿನ ಕೆಳಗೆ ಹೋಯಿತು.

"ಅದೇ ಕೊಟ್ರಮ್ಮ. ಮೆಟೀರಿಯಲ್ ಸಿಗೋದು ಅನ್‌ಸರ್ಟನ್. ಅದೊಂದೇ ಕನ್ಸರ್ನ್."

ಮೊದಲ ಸಲ ಓದಿದ್ದು ತಪ್ಪು. ಎರಡನೇ ಸಲ ಓದಿದ್ದು ಸುಳ್ಳು. ಎರಡಕ್ಕೂ ಪದಗಳು ಹೆಚ್ಚು ಕಡಿಮೆ ಅವೇ.

"ಹಂಗಾರೆ ಸಾಮಾನು ಬಂದ್ಮ್ಯಾಲೆ ನಂದೂ ಬರ್ತೈತೆ ಬಿಡಕ್ಕ" ಎಂದು ಖಲೀಲನೂ ಹಗುರಾದ. ಕೊಟ್ರಮ್ಮ ಆ ಉಬ್ಬಿದ ಪೆಟ್ಟಿಗೆಯಿಂದ ಅಂಗೈ ತೆಗೆದು ಸೆರಗಿಗೆ ಒರೆಸಿಕೊಂಡಳು. "ನನ್ನ ಕೈಯೇನು, ಆ್ಯಸಿಡ್‌ನಾಗೆ ಬೆಂದಿದ್ದು. ಹೊಸದು ಅದಕ್ಕೆ ತಿಳೀವಲ್ದು."

ಆ ಒಂದು ಕ್ಷಣ — ಕಾಗದ ಕೈಗೆ ಬಂದು ಬಾಯಿ ತೆರೆಯುವವರೆಗಿನದು — ಅದರಲ್ಲಿ ಏನಿತ್ತು ಎಂದು ಅಂದಿನಿಂದ ಕೆದಕುತ್ತಲೇ ಇದ್ದೇನೆ. ಬ್ಯಾಟರಿಯಾಗಿದ್ದರೆ ಕೊಟ್ರಮ್ಮ ಮುಚ್ಚಳ ತೆಗೆದು ಯಾವ ಮನೆ ಮಲಗಿದೆ ಎಂದು ಹೇಳುತ್ತಿದ್ದಳು. ನನಗೆ ನನ್ನ ಮುಚ್ಚಳ ತೆಗೆಯಲು ಬರುತ್ತಿಲ್ಲ. ಖಲೀಲನ ಎದುರು ನಾಚಿಕೆಯೇ? ಅವನ ಅಭಿಪ್ರಾಯ ಕಟ್ಟಿಕೊಂಡು ನನಗೇನಾಗಬೇಕಿತ್ತು? ಕಾನ್ವೆಂಟು ಎಂಬ ಆ ಒಂದು ಪದವೇ? ಅಥವಾ — ಇದು ಹತ್ತಿರ ಬರುತ್ತದೆ — ತಪ್ಪಾಗಿ ಓದಿದೆ ಎಂದು ಒಪ್ಪಿದರೆ ಮುಂದಿನ ಗುರುವಾರ ಅವಳು ಕಾಗದವನ್ನು ಬೇರೆ ಯಾರ ಕೈಗೋ ಕೊಡುತ್ತಾಳೆ, ನಾನು ದಾವಣಗೆರೆಯಲ್ಲಿ ಕಿಟಕಿಯ ಬಳಿ ಕೂತು... ಆದರೆ ಅಷ್ಟೆಲ್ಲ ಯೋಚಿಸುವಷ್ಟು ಹೊತ್ತು ಆಗ ಇರಲಿಲ್ಲ. ಬಾಯಿ ತಾನೇ ತೆರೆಯಿತು. ಎಪ್ಪತ್ತು ದಾಟಿದವಳ ಬಾಯಿ ತಾನೇ ತೆರೆದು ಸುಳ್ಳು ಓದಬೇಕಾದರೆ ಅದಕ್ಕೆ ಮೊದಲೇ ಅಭ್ಯಾಸವಿದ್ದಿರಬೇಕು. ಕ್ಲಾಸಿನಲ್ಲಿ ಎಷ್ಟು ಸಲ ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ದಾಟಿಸಿದ್ದೆನೋ. ಯಾವ ಹುಡುಗಿ ಅದನ್ನು ನಂಬಿಕೊಂಡು ಎಲ್ಲಿಗೆ ಹೋದಳೋ.

ಒಬ್ಬಳೇ ಸಿಕ್ಕಾಗ ಹೇಳೋಣ ಎಂದುಕೊಂಡೆ. ಮರುವಾರ ಒಬ್ಬಳೇ ಸಿಕ್ಕಳು. ಆ ದಿನ ಮೊಬೈಲಿನಲ್ಲಿ ಶೇರು ಹಸಿರಾಗಿತ್ತು. ನನಗೆ ಚಹಾ ತರಿಸಿ, ಖಾರ ಮಂಡಕ್ಕಿ ತರಿಸಿ, "ನೋಡಿದ್ರಾ, ನೀವು ಓದಿದಂಗೇ ಆತು" ಎಂದಳು. ಲತಾ ಹೇಳಿದ್ದೇ ತಪ್ಪಿರಬಹುದು ಎಂದುಕೊಂಡು ಮಂಡಕ್ಕಿ ತಿಂದೆ. ಅದರ ಮುಂದಿನ ವಾರವೂ ಹೇಳಲಿಲ್ಲ.

ಆಮೇಲೆ ಬಹಳ ವಾರಗಳು ಉಳಿಯಲಿಲ್ಲ. ಕಂಪನಿ ಕಾರ್ಖಾನೆ ನಿಲ್ಲಿಸಿದ ಸುದ್ದಿ ಬಂತು. ಶೇರಿನ ಬೆಲೆ ದಿನಕ್ಕೆ ಇಷ್ಟೇ ಇಳಿಯಬೇಕು ಎಂಬ ಮಿತಿ ಇರುತ್ತದಂತೆ. ಪ್ರತಿದಿನ ಬೆಳಿಗ್ಗೆ ಆ ಮಿತಿಯವರೆಗೆ ಇಳಿದು ನಿಲ್ಲುತ್ತಿತ್ತು. ಮಾರಲು ಹೋದರೆ ಕೊಳ್ಳುವವರೇ ಇಲ್ಲ. ಕೊಟ್ರಮ್ಮ ಮೊಬೈಲನ್ನು ಬೆಳಕಿಗೆ ಹಿಡಿದು, ಬೆರಳಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ದೀಪಾವಳಿ ಬಂತು, ಯಜಮಾನರು ಮಾತಿಗೆ ತಪ್ಪಲಿಲ್ಲ, ಅಲ್ಲಿಯವರೆಗೂ ಕಾದರು. ಆಮೇಲೆ ಅಂಗಡಿಯನ್ನು ಬೇರೆಯವರಿಗೆ ಕೊಟ್ಟರು. ಚಾರ್ಜ್ ಮಾಡುವ ಬೆಂಚನ್ನು ಗುಜರಿಯವನು ತುಂಡು ಮಾಡಿ ಒಯ್ದ ದಿನ ನಾನು ಅಲ್ಲಿದ್ದೆ. ಸದ್ದು ನಿಂತಿತ್ತು. ಆ ಮಳಿಗೆಯಲ್ಲಿ ಬೀದಿಯ ಗದ್ದಲವೂ ಕೇಳುತ್ತದೆ ಎಂದು ಅವತ್ತೇ ನನಗೆ ತಿಳಿದದ್ದು. ಅವತ್ತೂ ಹೇಳಲಿಲ್ಲ.

ಅವಳು ಭಾನುವಳ್ಳಿಗೆ, ತಂಗಿಯ ಮನೆಗೆ ಹೋದಳು.

ನನ್ನ ಡೈರಿ ಮೊದಲಿಂದಲೂ ಇಂಗ್ಲಿಷಿನಲ್ಲಿ. ಗೆಳತಿಯರಿಗೆ ಕಾಗದವೂ ಇಂಗ್ಲಿಷಿನಲ್ಲೇ ಬರೆದವಳು. ಕನ್ನಡದಲ್ಲಿ ಇಷ್ಟುದ್ದ ಬರೆಯುವುದು ಇದೇ ಮೊದಲು. ಒತ್ತಕ್ಷರಗಳು ತಪ್ಪುತ್ತವೆ, ನಿಘಂಟು ಪಕ್ಕದಲ್ಲೇ ಇದೆ. ಆದರೂ ಇದನ್ನು ಇಂಗ್ಲಿಷಿನಲ್ಲಿ ಬರೆಯುವ ಹಕ್ಕು ನನಗಿಲ್ಲ. ಕೊಟ್ರಮ್ಮಾ, ನಾನು ಇದನ್ನು ಕಳಿಸುತ್ತಿರುವ ಈ ವಾರಪತ್ರಿಕೆ ಭಾನುವಳ್ಳಿಯ ಅಂಗಡಿಗೂ ಬರುತ್ತದೆಂದು ನೀನೇ ಹೇಳಿದ್ದೆ. ಒಂದು ಪುಟವನ್ನೂ ನೀನು ಬಿಡುವುದಿಲ್ಲ. ಇದನ್ನು ಯಾರಿಂದಲೂ ಓದಿಸಿಕೊಳ್ಳಬೇಕಿಲ್ಲ. ಆ ಸಾಲು ಹೀಗಿತ್ತು: ಈ ಕಂಪನಿ ಮುಂದೆ ನಡೆಯುತ್ತದೆಯೇ ಎಂಬುದರಲ್ಲಿ ಗಂಭೀರವಾದ ಅನುಮಾನವಿದೆ. ಆಡಿಟರು ನಿಜ ಬರೆದಿದ್ದರು. ನಿನ್ನ ಕೈ ಹೇಳಿದ್ದನ್ನೇ ಬರೆದಿದ್ದರು. ನಡುವೆ ಕೂತವಳು ನಾನು.

ಇದನ್ನು ಎದುರಿಗೇ ಹೇಳಲು ಒಮ್ಮೆ ಹೋಗಿದ್ದೆ. ಹರಿಹರದಿಂದ ಬೇರೆ ಬಸ್ಸು ಹಿಡಿದು ಭಾನುವಳ್ಳಿಯಲ್ಲಿ ಇಳಿದೆ. ಕೊಟ್ರಮ್ಮ ತಂಗಿಯ ಮನೆಯ ಕಟ್ಟೆಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದಳು. ಸೀರೆಯಲ್ಲಿ ತೂತುಗಳಿರಲಿಲ್ಲ. "ಅಯ್ಯಯ್ಯೋ, ಈ ಬಿಸಿಲಾಗೆ! ಬರ್ರಿ ಬರ್ರಿ, ಕೂಡ್ರಿ" ಎಂದು ಎದ್ದಳು. ರೊಟ್ಟಿ ಊಟ ಮಾಡಿಸಿದಳು, ತಂಗಿಗೆ ಪರಿಚಯ ಮಾಡಿದಳು. ಮಾತು ಶೇರಿಗೆ ಬಂದಾಗ ನಾನು ಬಾಯಿ ತೆರೆದೆ — ಅವಳೇ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದಳು.

"ನೀವು ಬೇಜಾರು ಮಾಡ್ಕೊಬ್ಯಾಡ್ರಿ ಮಿಸ್. ಆ ಆಡಿಟರು ಸುಳ್ಳು ಬರ್ದ, ನೀವು ಇದ್ದಿದ್ದು ಇದ್ದಂಗೆ ಓದಿದ್ರಿ. ಅವನ ಪಾಪಕ್ಕೆ ನೀವ್ಯಾಕ ಸೊರಗ್ತೀರಿ?"

ಅಲ್ಲಿ ಹೇಳಬೇಕಿತ್ತು. ನನ್ನ ಎದುರಿಗೇ ನನ್ನ ಪಾಪವನ್ನು ಇನ್ನೊಬ್ಬನ ತಲೆಗೆ ಕಟ್ಟುತ್ತಿದ್ದಳು, ನಾನು ಕಟ್ಟಲು ಬಿಟ್ಟೆ. ನೀರು ಕುಡಿದೆ.

ಬಸ್ಸು ಹತ್ತಿಸಲು ಸ್ಟಾಪಿನವರೆಗೆ ಬಂದಳು. ಕಾಯುತ್ತ ನಿಂತಿದ್ದಾಗ ಒಬ್ಬರು ರೈತರು ಬೈಕಿನ ಹಿಂದೆ ಟ್ರ್ಯಾಕ್ಟರ್ ಬ್ಯಾಟರಿ ಕಟ್ಟಿಕೊಂಡು ಬಂದು ನಿಲ್ಲಿಸಿದರು. "ಕೊಟ್ರಮ್ಮಕ್ಕ, ಇದೊಂಚೂರು ಕೈ ಇಟ್ಟು ನೋಡಬೇ. ಸೆಲ್ಫು ಹೊಡೀವಲ್ದು. ನೀನು ಹೇಳಿದ್ರೆ ಆತು."

ಕೊಟ್ರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ತೆಗೆದುಕೊಂಡಳು.

"ನನ್ನ ಕೈ ಮಾತು ಕೇಳಿ ಕೆಡಬ್ಯಾಡೋ ತಮ್ಮ. ಹರಿಹರಕ್ಕೆ ಒಯ್ದು ಮೀಟ್ರು ಹಚ್ಚಿಸು."

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕುಳಿತೆ. ಆ ರೈತರು ಇನ್ನೂ ಅಲ್ಲೇ ನಿಂತು ಏನೋ ಕೇಳಿಕೊಳ್ಳುತ್ತಿದ್ದರು. ಅವಳು ತಲೆಯಾಡಿಸುತ್ತ, ಆ ಬ್ಯಾಟರಿಯಿಂದ ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಹಾಗೆ.